ಅಪ್ಪನ ಚಾಕುಗಳಿಗೆ ಹಚ್ಚಿದ್ದು

ಅಪ್ಪನ ಐದು ಚಾಕುಗಳನ್ನು ನಾನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತೊಳೆದದ್ದು ಒಂದು ಸೋಮವಾರ ಬೆಳಿಗ್ಗೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಯಚೂರಿನ ತೀನ್ ಕಂದೀಲಿನ ಹತ್ತಿರದ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮ ಮನೆಯವರು ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ದೇವದುರ್ಗದಲ್ಲಿದ್ದ ಅಪ್ಪನಿಗೆ ಬಲಗಡೆ ಲಕ್ವಾ ಹೊಡೆದಿತ್ತು. ರಾಯಚೂರಿನ ದವಾಖಾನೆಯಲ್ಲಿ ಮೂರು ವಾರ ಮಲಗಿ, ಅಲ್ಲಿಂದ ನೇರ ನಮ್ಮ ಮನೆಗೆ ಬಂದು ಹತ್ತು ದಿನವಾಗಿತ್ತು.

ಅಪ್ಪ ಮದುವೆ ಮನೆಗಳ ಅಡುಗೆಯವನು. ಎಪ್ಪತ್ತರ ದಶಕದುದ್ದಕ್ಕೂ ದೇವದುರ್ಗ, ಗಬ್ಬೂರು, ಮಾನ್ವಿ ಕಡೆಯ ಲಗ್ನಗಳಲ್ಲಿ ಅವನೇ ಒಲೆ ಹೂಡುತ್ತಿದ್ದ. ದವಾಖಾನೆಗೆ ಅವನ ಜೊತೆ ಬಂದ ಸಾಮಾನು ಎಂದರೆ ಎರಡು ಧೋತರ, ಒಂದು ವಿಭೂತಿ ಗಟ್ಟಿ ಮತ್ತು ಕಂಬಳಿ ತುಂಡಿನಲ್ಲಿ ಸುತ್ತಿದ ಈ ಐದು ಚಾಕು. ಅಪ್ಪನ ಜೊತೆ ಊರೂರು ತಿರುಗುತ್ತಿದ್ದ ಆ ಗಂಟನ್ನು ಮೊದಲ ಸಲ ಬಿಚ್ಚಿದಾಗ ನನಗೆ ಬೇಸರವಾಯಿತು. ಅಲಗುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು, ಒಂದೆರಡು ಕಡೆ ಕಪ್ಪೇ ಆಗಿದ್ದವು. ಹರಿತವಾದ ಅಂಚು ಮಾತ್ರ ದಾರದಷ್ಟು ಅಗಲ ಬೆಳ್ಳಗಿತ್ತು. ಅವ್ವ ಹೋದಳು, ನಾನೂ ಮದುವೆಯಾಗಿ ಬಂದೆ, ಮನೆಯಲ್ಲಿ ಹೆಣ್ಣುಮಕ್ಕಳ ಕೈ ಇಲ್ಲ, ಸಾಮಾನು ಹೀಗೆ ಕೊಳೆ ಹಿಡಿಯದೆ ಇನ್ನೇನಾಗುತ್ತದೆ ಎಂದುಕೊಂಡೆ. ಬಚ್ಚಲ ಕಲ್ಲಿನ ಮೇಲೆ ಕುಳಿತು ತಿಕ್ಕತೊಡಗಿದೆ. ಆ ಕಂದು ಸುಲಭಕ್ಕೆ ಬಿಡಲಿಲ್ಲ. ನೀರು ಹಾಕಿದರೆ ಕಮಲದೆಲೆಯ ಮೇಲಿನಂತೆ ಜಾರಿ ಹೋಗುತ್ತಿತ್ತು. ಹುಣಸೆಹಣ್ಣು ಮೆತ್ತಿ ಸ್ವಲ್ಪ ಹೊತ್ತು ಬಿಟ್ಟು, ಮೇಲೆ ಇಟ್ಟಿಗೆ ಪುಡಿ, ಅದೂ ಸಾಲದೆ ಮರಳು. ಮಧ್ಯಾಹ್ನದ ಹೊತ್ತಿಗೆ ನನ್ನ ಬೆರಳು ಸುಲಿದಿದ್ದವು. ಚಾಕುಗಳು ಹೊಸ ರೂಪಾಯಿಯ ಹಾಗೆ ಹೊಳೆಯುತ್ತಿದ್ದವು.

"ಯಪ್ಪಾ, ನೋಡು ಹ್ಯಾಂಗ ಹೊಳಿಯಾಕತ್ಯಾವ," ಎಂದು ಅಪ್ಪನ ಹಾಸಿಗೆಯ ಮೇಲೆ ಐದನ್ನೂ ಸಾಲಾಗಿ ಇಟ್ಟೆ.

ಅಪ್ಪ ಎಡಗೈಯಿಂದ ಒಂದನ್ನು ಎತ್ತಿದ. ಹೆಬ್ಬೆರಳಿನಿಂದ ಅಲಗನ್ನು ಸವರಿದ. ಎರಡೂ ಬದಿ ತಿರುವಿ ನೋಡಿ, "ಬ್ಯಾಡ," ಅಂದ.

ಈ 'ಬ್ಯಾಡ'ದ ವಿಷಯ ಹೇಳಬೇಕು. ಲಕ್ವಾ ಅಪ್ಪನ ಬಲಗೈ, ಬಲಗಾಲಿನ ಜೊತೆ ಮಾತನ್ನೂ ಒಯ್ದಿತ್ತು. ಉಳಿಸಿಹೋದದ್ದು ಅದೊಂದೇ ಮಾತು. ನೀರು ಬೇಕೇನಪ್ಪಾ ಎಂದರೆ ಬ್ಯಾಡ ಎನ್ನುತ್ತ ಲೋಟಕ್ಕೆ ಕೈ ಚಾಚುತ್ತಿದ್ದ. ರೊಟ್ಟಿ ಸಾಕೇ ಎಂದರೂ ಬ್ಯಾಡ, ಇನ್ನೊಂದು ಹಾಕಲೇ ಎಂದರೂ ಬ್ಯಾಡ. ಡಾಕ್ಟರು ಮೊದಲೇ ಹೇಳಿದ್ದರು: ಅವರಿಗೆ ಎಲ್ಲ ತಿಳಿಯುತ್ತದೆ, ಹೇಳಬೇಕೆಂದದ್ದು ಮನಸ್ಸಿನಲ್ಲಿರುತ್ತದೆ, ಬಾಯಿಗೆ ಬರುವಾಗ ಬೇರೆ ಮಾತು ಬರುತ್ತದೆ. ಹಾಗಾಗಿ ನಾವು ಅವನ ಮುಖ, ಕೈ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿತೆವು. ಊಟ, ನಿದ್ದೆ, ಬಚ್ಚಲಿಗೆ ಅಷ್ಟು ಸಾಕಾಗುತ್ತಿತ್ತು. ಆ ದಿನ ಅವನ ಮುಖ ನನಗೆ ತಿಳಿಯಲಿಲ್ಲ. ಸಿಟ್ಟೂ ಅಲ್ಲ, ಸಂತೋಷವೂ ಅಲ್ಲ. ಚಾಕುಗಳನ್ನು ಒರೆಸಿ ಅದೇ ಕಂಬಳಿಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟೆ.

ಮಳೆ ಹಿಡಿಯಿತು. ಎಂಟು ಹತ್ತು ದಿನ ಬಿಟ್ಟು ಗಂಟು ಬಿಚ್ಚಿದರೆ ಐದಕ್ಕೂ ತುಕ್ಕಿನ ಕೆಂಪು ಚುಕ್ಕೆ ಬಿದ್ದಿತ್ತು. ಕೆಲವು ಚುಕ್ಕೆಗಳು ಕೂಡಿಕೊಂಡು ಅಲಗಿನ ಮೇಲೆ ಪಟ್ಟೆಯಾಗಿದ್ದವು. ಮತ್ತೆ ತಿಕ್ಕಿದೆ. ನಾಲ್ಕು ದಿನಕ್ಕೆ ಮತ್ತೆ ಬಂತು. ಸಂಜೆ ನಮ್ಮ ಮನೆಯವರಿಗೆ ತೋರಿಸಿದೆ.

"ಲಾರಿ ಪಾಟಾದ ಉಕ್ಕು ಇದು," ಅಂದರು. ಲಾರಿಯ ಸ್ಪ್ರಿಂಗಿನ ಪಟ್ಟಿ ಬಡಿದು ಮಾಡಿದ್ದಂತೆ. "ಗಾಳಿ ತಾಕಿದ್ರ ಸಾಕು, ಜಂಗ ಹಿಡಿತದ. ಮ್ಯಾಲೆ ಏನರ ಒಂದು ಪದರ ಬೇಕು."

"ಹಂಗಾದ್ರ ಇಷ್ಟು ವರ್ಷ ಯಾಕ ಹಿಡಿದಿದ್ದಿಲ್ಲ?"

"ನಿಮ್ಮಪ್ಪಾರು ಏನರ ಹಚ್ಚತಿರಬೇಕು."

"ಏನು?"

"ಅದನ್ನ ಅವರನ್ನ ಕೇಳಬೇಕು."

ಇಬ್ಬರೂ ಅಪ್ಪನ ಕಡೆ ನೋಡಿದೆವು. ಅಪ್ಪ ನಮ್ಮ ಕೈಯಲ್ಲಿದ್ದ ಚಾಕುವನ್ನು ನೋಡುತ್ತಿದ್ದ. ಅವನ ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಲಕ್ವಾ ಹೊಡೆದ ಮೇಲೆ ಅವನಿಗೆ ಕಾರಣವಿಲ್ಲದೆ ಕಣ್ಣೀರು ಬರುವುದಿತ್ತು. ಹಾಗಾಗಿ ಅದು ಅಳುವೋ ಅಲ್ಲವೋ ನನಗೆ ಗೊತ್ತಾಗಲಿಲ್ಲ.

ಅಂದಿನಿಂದ ನನಗೆ ಅದೇ ಯೋಚನೆ ಹತ್ತಿತು. ಸಣ್ಣವಳಿದ್ದಾಗ ದೇವದುರ್ಗದ ಮನೆಯಲ್ಲಿ ಅಪ್ಪ ಆ ಚಾಕುಗಳಿಗೆ ಏನು ಮಾಡುತ್ತಿದ್ದ? ಮಾಳಿಗೆಯ ಕೆಳಗೆ ಕುಳಿತು ಅರಿವೆಯಿಂದ ಒರೆಸುತ್ತಿದ್ದದ್ದು ನೆನಪಿದೆ. ಅರಿವೆಯಲ್ಲಿ ಎಣ್ಣೆ ಇತ್ತೇ, ಇಲ್ಲವೇ? ಒಂದು ಸಲ ಮನೆ ತುಂಬ ಹೊಗೆ ಆಗಿ ಅವ್ವ ಬೈದದ್ದು ನೆನಪಿದೆ. ಅದು ಚಾಕುವಿನ ಹೊಗೆಯೋ, ಹಪ್ಪಳ ಸುಟ್ಟ ಹೊಗೆಯೋ ನೆನಪಿಲ್ಲ. ನೆನಪು ಮಾಡಿಕೊಂಡಷ್ಟೂ ಹೊಸ ಹೊಸ ಚಿತ್ರ ಬರುತ್ತಿದ್ದವು. ಒಂದು ದಿನ ಅಪ್ಪ ಮೇಣದಬತ್ತಿ ಹಿಡಿದಂತೆ, ಇನ್ನೊಂದು ದಿನ ಬೆಣ್ಣೆ ಹಿಡಿದಂತೆ. ಯಾವುದು ನೋಡಿದ್ದು, ಯಾವುದು ನಾನೇ ಕಟ್ಟಿಕೊಂಡದ್ದು ಎಂದು ಬೇರೆ ಮಾಡಲಾಗಲಿಲ್ಲ.

ದಸರೆ ಹತ್ತಿರ ಬಂದಾಗ ಅಪ್ಪನ ಜೊತೆ ಹದಿನೈದು ವರ್ಷ ಅಡುಗೆ ಮಾಡಿದ ಗಬ್ಬೂರಿನ ಅಣ್ಣ ಮನೆಗೆ ಬಂದ. ನನಗಿಂತ ಬಹಳ ದೊಡ್ಡವನು. ಅಪ್ಪನನ್ನು ಕಾಕಾ ಎನ್ನುತ್ತಿದ್ದ. ಅಪ್ಪನ ಕಾಲಿಗೆ ಕೈ ಮುಟ್ಟಿಸಿ, ಪಕ್ಕದಲ್ಲಿ ಕುಳಿತ. ದೀಪಾವಳಿ ಆದ ಮೇಲೆ ಗಬ್ಬೂರಿನಲ್ಲಿ ಒಂದು ಮದುವೆ, ಅದಕ್ಕೆ ಅಪ್ಪ ಹೋದ ವರ್ಷವೇ ಮಾತು ಕೊಟ್ಟಿದ್ದನಂತೆ.

"ಅಡಗಿ ನಾ ಮಾಡ್ತೀನಿ ತಂಗಿ. ಕಾಕಾ ಒಲಿ ಮುಂದ ಕುಂತ್ರ ಸಾಕು, ನಮ್ಮ ಮಂದಿಗಿ ಧೈರ್ಯ," ಅಂದ. "ಮತ್ತ ಆ ಚಾಕು ಬೇಕು. ನಮ್ಮವು ಎರಡು ಬದನಿಕಾಯಿ ಹೆಚ್ಚಿದ್ರ ಕರಿ ಬಿಡ್ತಾವ. ಕಾಕಾನವು ಹಂಗಲ್ಲ."

"ಅಣ್ಣಾ, ಅಪ್ಪ ಅವಕ್ಕ ಏನು ಹಚ್ಚತಿದ್ದ?"

"ಖರೇ ಹೇಳಬೇಕಂದ್ರ ನಾ ನೋಡಿಲ್ಲ. ಮದುವಿ ಮನಿಗಿ ಬರೂದರಾಗ ಅವು ತಯಾರಾಗಿ ಬರ್ತಿದ್ವು. ಹೆಚ್ಚಿದ ಮ್ಯಾಲೆ ನೀರಾಗ ಅದ್ದಿ ಒರಸ್ತಿದ್ದ, ಅಷ್ಟ. ಯಾರಿಗೂ ತೊಳಿಯಾಕ ಕೊಡ್ತಿದ್ದಿಲ್ಲ."

ನಾನು ತೊಳೆದದ್ದನ್ನು ಅವನಿಗೆ ಹೇಳಲಿಲ್ಲ. ಮದುವೆಯ ಹೊತ್ತಿಗೆ ಚಾಕು ಸರಿ ಮಾಡಿಕೊಡುತ್ತೇನೆ ಎಂದೆ. ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ.

ಮೊದಲು ಎದುರು ಮನೆಯ ಕಲಾಯಿ ಮಾಡುವ ಹಿರಿಯರನ್ನು ಕೇಳಿದೆ. ಓಣಿಯ ಹಿತ್ತಾಳೆ ಪಾತ್ರೆಗಳಿಗೆಲ್ಲ ಅವರೇ ತವರ ಬಳಿಯುವವರು. ಚಾಕುವನ್ನು ತಿರುವಿ ನೋಡಿ, "ಕಲಾಯಿ ಹಚ್ಚಿ ಕೊಡ್ತೀನಮ್ಮಾ, ಬೆಳ್ಳಿ ಹಂಗ ಕಾಣ್ತದ," ಅಂದರು. ನನಗೆ ಸಮಾಧಾನವಾಗುವಷ್ಟರಲ್ಲಿ, "ಆದ್ರ ಒಂದ ಸಲ ಸಾಣಿ ಹಿಡದ್ರ ಹೋಗಿಬಿಡ್ತದ. ಹರಿತದ ಬಾಯಿಗಿ ಕಲಾಯಿ ನಿಂದ್ರಂಗಿಲ್ಲ. ದಿನಾ ಕೊಬ್ಬರಿ ಎಣ್ಣಿ ಹಚ್ಚು, ಅದ ಛಲೋ," ಅಂದರು.

ಬಣ್ಣದ ಅಂಗಡಿಗೆ ಹೋದೆ. ಅಂಗಡಿಯವರು, "ಹೊರಗಿಂದಕ್ಕೋ, ಒಳಗಿಂದಕ್ಕೋ?" ಅಂದರು. ನಾನು ಅರ್ಥವಾಗದೆ ನಿಂತೆ. ಅವರು ಬಾಗಿಲಿನ ವಿಷಯ ಕೇಳುತ್ತಿದ್ದರು.

"ಚಾಕುಗರಿ. ಕಾಯಿಪಲ್ಯ ಹೆಚ್ಚೋದು. ಜಂಗ ಹಿಡಿಬಾರದು."

"ಕಬ್ಬಿಣಕ್ಕಂದ್ರ ಬೆಳ್ಳಿ ಬಣ್ಣ ಅದ. ಗೇಟಿಗೆ ಹಚ್ಚತಾರ."

"ಅದು ತಿನ್ನೋದಕ್ಕ ತಾಕ್ತದಲ್ರಿ."

"ಹಂಗಾದ್ರ ವಾರ್ನಿಶ್ ಬ್ಯಾಡ, ಬಣ್ಣನೂ ಬ್ಯಾಡ." ಅವರು ಒಂದು ಡಬ್ಬಿ ತೆಗೆದು ಹಳದಿ ಅರಗಿನ ತೆಳು ಚೂರುಗಳನ್ನು ತೋರಿಸಿದರು. "ಇದನ್ನ ಸ್ಪಿರಿಟ್ನ್ಯಾಗ ಕರಗಿಸಿ ಕಟಿಗಿ ಸಾಮಾನಿಗೆ ಪಾಲಿಶ್ ಮಾಡ್ತಾರ. ಗುಳಿಗಿ ಮ್ಯಾಲೂ ಇದ ಹಚ್ಚತಾರಂತ ಕೇಳೀನಿ. ಹೊಟ್ಟಿಗಿ ಹೋದ್ರೂ ಏನೂ ಆಗಂಗಿಲ್ಲಂತ."

"ಚಾಕುಗೆ ಹಿಡಿತದೇನ್ರಿ?"

"ಅದು ನನಗ ಗೊತ್ತಿಲ್ಲವ್ವ. ಚಾಕುಗೆ ಅಂತ ಇಲ್ಲಿತನಕ ಯಾರೂ ಕೇಳಿಲ್ಲ."

ಆ ಸಂಜೆ ನಮ್ಮ ಮನೆಯವರು ಅಂಗಡಿಯಿಂದ ಸಣ್ಣ ಬಾಟಲಿಯಲ್ಲಿ ಮೋಟಾರಿನ ಸುರುಳಿಗೆ ಹಾಕುವ ವಾರ್ನಿಶ್ ತಂದರು. ಅದು ಎಷ್ಟು ಗಟ್ಟಿ ಎಂದರೆ ತಂತಿ ಸುಟ್ಟರೂ ಬಿಡುವುದಿಲ್ಲ ಎಂದರು. ನಾನು ಕೊಂಡು ತಂದಿದ್ದ ಅರಗು, ಸ್ಪಿರಿಟ್ ತೋರಿಸಿ ಗುಳಿಗೆಯ ಮಾತು ಹೇಳಿದೆ. ಅವರು ನಕ್ಕು, ಹಾಗಾದರೆ ಎಲ್ಲವನ್ನೂ ಹಚ್ಚಿ ನೋಡು, ಯಾವುದು ನಿಲ್ಲುತ್ತದೋ ಅದೇ ಸರಿ ಎಂದರು.

ಅದೇ ಸರಿ ಅನಿಸಿತು. ಐದು ಚಾಕು ಇದ್ದವಲ್ಲ. ತುಕ್ಕು ತೆಗೆದು ಒಣಗಿಸಿ, ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಬಿಸಿ ಮಾಡಿ ಮೇಣದಬತ್ತಿಯ ಮೇಣ, ಒಂದಕ್ಕೆ ಇನ್ನೊಂದು ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಕರಗಿಸಿದ ಅರಗು, ಒಂದಕ್ಕೆ ವಾರ್ನಿಶ್ ಹಚ್ಚಿದೆ. ಐದನೆಯದನ್ನು ಬರಿದೇ ಬಿಟ್ಟೆ. ಗುರುತಿಗೆ ಹಿಡಿಗಳಿಗೆ ಕೆಂಪು, ಹಸಿರು, ಹಳದಿ, ಕಪ್ಪು ದಾರ ಕಟ್ಟಿದೆ. ಎಲ್ಲಿಯೂ ಬರೆದಿಡಲಿಲ್ಲ. ನಾಲ್ಕು ಬಣ್ಣ ನೆನಪಿಡುವುದು ಎಷ್ಟರ ಮಾತು ಅಂದುಕೊಂಡೆ. ದಿನಾ ಒಂದೊಂದು ಚಾಕುವಿನಿಂದ ಒಂದೊಂದು ನಿಂಬೆಹಣ್ಣು ಕೊಯ್ದು, ಒರೆಸಿ, ಕಿಟಕಿಯ ಸರಳಿಗೆ ನೇತುಹಾಕುತ್ತಿದ್ದೆ. ವಾರ್ನಿಶ್ ಚಾಕುವಿನದನ್ನು ಚೆಲ್ಲಿ, ಉಳಿದ ಹಣ್ಣುಗಳ ಪಾನಕ ಓಣಿಯಲ್ಲಿ ಎಲ್ಲರ ಮನೆಗೂ ಹೋಯಿತು.

ಒಂಬತ್ತನೇ ದಿನ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಕಿಟಕಿಯ ಹತ್ತಿರಕ್ಕೆ ಸರಿದು ಕುಳಿತಿದ್ದ. ಚಾಕುಗಳೆಲ್ಲ ಅವನ ತೊಡೆಯ ಮುಂದಿದ್ದವು. ನಾಲ್ಕೂ ದಾರ ಬಿಚ್ಚಿ, ಒಂದರೊಳಗೊಂದು ಸುತ್ತಿ ಸಣ್ಣ ಉಂಡೆ ಮಾಡಿದ್ದ. ಒಂದೇ ಕೈಯಲ್ಲಿ ಆ ಗಂಟುಗಳನ್ನು ಹೇಗೆ ಬಿಚ್ಚಿದನೋ ಇವತ್ತಿಗೂ ನನಗೆ ತಿಳಿಯದು.

"ಯಪ್ಪಾ, ಯಾಕ ಬಿಚ್ಚಿದಿ?"

"ಬ್ಯಾಡ," ಅಂದ, ಬಹಳ ಸಮಾಧಾನವಾಗಿ.

ಮೂರು ಚಾಕುಗಳಿಗೆ ತುಕ್ಕು ಬಂದಿತ್ತು, ಒಂದಕ್ಕೆ ಹೆಚ್ಚು, ಎರಡಕ್ಕೆ ಕಡಿಮೆ. ಎರಡು ಚಾಕು ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಆ ಎರಡರಲ್ಲಿ ಒಂದು ಅರಗು, ಇನ್ನೊಂದು ವಾರ್ನಿಶ್ ಎಂಬುದು ಗೊತ್ತು. ಯಾವುದು ಯಾವುದು ಎಂಬುದು ಗೊತ್ತಿಲ್ಲ. ಮೂಸಿ ನೋಡಿದೆ, ಎರಡಕ್ಕೂ ನಿಂಬೆಯ ವಾಸನೆ. ಉಗುರಿನಿಂದ ಕೆರೆದೆ, ಎರಡೂ ಬಿಡಲಿಲ್ಲ. ಕೆಂಪು ದಾರ ಅರಗಿಗೆ ಕಟ್ಟಿದ್ದೆನೋ ಎಣ್ಣೆಗೆ ಕಟ್ಟಿದ್ದೆನೋ ಎಂಬುದೂ ಆ ಹೊತ್ತಿಗೆ ಮರೆತಿತ್ತು. ಎರಡನ್ನೂ ಅಪ್ಪನ ಮುಂದೆ ಹಿಡಿದು, "ಇದೋ, ಅದೋ?" ಎಂದು ಕೇಳಿದೆ. ಮೊದಲನೆಯದಕ್ಕೆ ಬ್ಯಾಡ ಎಂದು ಸ್ವಲ್ಪ ನಕ್ಕ. ಎರಡನೆಯದಕ್ಕೂ ಬ್ಯಾಡ ಎಂದು ಅಷ್ಟೇ ನಕ್ಕ. ನಗು ಎಂದರೆ ಒಪ್ಪಿಗೆ ಎಂದು ನಾನು ತಿಳಿದೆ. ಎರಡೂ ನಿಂತಿವೆ, ಎರಡರಲ್ಲಿ ಹೊಟ್ಟೆಗೆ ಹೋದರೂ ಏನೂ ಆಗದ್ದು ಅರಗು, ಹಾಗಾಗಿ ಅರಗೇ ಇರಲಿ ಎಂದು ತೀರ್ಮಾನ ಮಾಡಿದೆ. ಐದನ್ನೂ ಪೂರ್ತಿ ಕೆರೆದು, ಎರಡೆರಡು ಸಲ ಅರಗು ಹಚ್ಚಿ ಒಣಗಿಸಿದೆ. ನೋಡಲು ಬಹಳ ಚೆಂದ ಆಗಿದ್ದವು. ಮೂರು ತಿಂಗಳಲ್ಲಿ ಮೊದಲ ಸಲ ಮನಸ್ಸು ಹಗುರಾಯಿತು.

ಮದುವೆಯ ಹಿಂದಿನ ದಿನ ಅಪ್ಪನನ್ನು ಎತ್ತಿ ಬಸ್ಸು ಹತ್ತಿಸಿ ಗಬ್ಬೂರಿಗೆ ಕರೆದುಕೊಂಡು ಹೋದೆವು. ಚಪ್ಪರದ ಹಿಂದೆ ಒಲೆಗಳ ಹತ್ತಿರ ಅವನಿಗೊಂದು ಹೊರಸು ಹಾಕಿದ್ದರು. ಮರುದಿನ ಬೆಳಗಾಗುತ್ತಲೇ ಹೆಚ್ಚುವ ಕೆಲಸ ಶುರುವಾಯಿತು. ಎರಡು ಚೀಲ ಬದನೆಕಾಯಿ, ಒಂದು ಚೀಲ ಸೌತೆಕಾಯಿ. ಅಣ್ಣನೂ ಅವನ ಜೊತೆಯವರು ನಾಲ್ವರೂ ಅಪ್ಪನ ಚಾಕುಗಳನ್ನು ಹಿಡಿದು ಕುಳಿತರು. ಬದನೆಕಾಯಿಯನ್ನು ನಾಲ್ಕು ಸೀಳು ಮಾಡಿ ಉಪ್ಪು ಹಾಕಿದ ಬೆಚ್ಚಗಿನ ನೀರಿನ ಹಂಡೆಗೆ ಬಿಡುತ್ತಿದ್ದರು. ಚಾಕುಗಳೂ ಆಗಾಗ ಅದೇ ನೀರಿನಲ್ಲಿ ಅದ್ದಿ ಏಳುತ್ತಿದ್ದವು.

ನಾನು ಅಪ್ಪನಿಗೆ ಚಹಾ ಕುಡಿಸುತ್ತಿದ್ದೆ. ಅಣ್ಣ ಮೆಲ್ಲಗೆ ಕರೆದ.

"ತಂಗಿ, ಇಲ್ಲಿ ಬಾ. ಇದೇನು?"

ಹಂಡೆಯ ನೀರಿನ ಮೇಲೆ ಉಳ್ಳಾಗಡ್ಡಿಯ ತೆಳು ಸಿಪ್ಪೆಯಂಥ ಚೂರುಗಳು ತೇಲುತ್ತಿದ್ದವು. ನೂರಾರು. ಅವನ ಕೈಯಲ್ಲಿದ್ದ ಚಾಕುವಿನ ಅಲಗು ಬಿಳಿಚಿಕೊಂಡು, ಅಲ್ಲಲ್ಲಿ ಸುಲಿದಿತ್ತು. ದಿನಕ್ಕೊಂದು ನಿಂಬೆಹಣ್ಣು ಕೊಯ್ದ ನನ್ನ ಪರೀಕ್ಷೆಯಲ್ಲಿ ಬಿಸಿನೀರು ಇರಲಿಲ್ಲ, ಎರಡು ಚೀಲ ಬದನೆಕಾಯಿಯೂ ಇರಲಿಲ್ಲ. ಇದನ್ನೆಲ್ಲ ಆ ಹೊತ್ತಿನಲ್ಲಿ ಯೋಚಿಸಿದೆ ಎಂದಲ್ಲ. ಆ ಹೊತ್ತಿನಲ್ಲಿ ನನಗೆ ತೋರಿದ್ದು ಒಂದೇ. ಇದು ಅರಗೋ, ಅಥವಾ ಬಾಟಲಿ ಅದಲುಬದಲಾಗಿ ನಾನು ವಾರ್ನಿಶ್ ಹಚ್ಚಿಬಿಟ್ಟೆನೋ? ಅರಗಿನ ಬಾಟಲಿಯನ್ನೇ ತೆಗೆದದ್ದು ಸ್ಪಷ್ಟ ನೆನಪಿತ್ತು. ಆದರೆ ದಾರದ ಬಣ್ಣವೂ ಹಾಗೆಯೇ ಸ್ಪಷ್ಟ ನೆನಪಿದೆ ಎಂದುಕೊಂಡಿದ್ದೆನಲ್ಲ.

"ಅಣ್ಣಾ, ಇದು ಹೊಟ್ಟಿಗಿ ಹೋದ್ರ ಏನಾಗ್ತದೋ ನನಗ ಗೊತ್ತಿಲ್ಲ," ಎಂದೆ.

ಅವನು ಹಂಡೆಯನ್ನು ಹಾಗೇ ಎತ್ತಿಸಿ, ಹಿತ್ತಲಲ್ಲಿ ಗುಂಡಿ ತೋಡಿಸಿ ಎಲ್ಲವನ್ನೂ ಮುಚ್ಚಿಸಿದ. ದನಗಳಿಗೂ ಹಾಕಬೇಡಿ ಎಂದ. ಸೌತೆಕಾಯಿಯ ರಾಶಿಯೂ ಹೋಯಿತು. ಮದುವೆ ಮನೆಯ ಯಜಮಾನರು ಬಂದು ಕೇಳಿದಾಗ, "ಬದನಿಕಾಯಾಗ ಹುಳ ಭಾಳ ಇದ್ವುರಿ," ಅಂದ. ನನ್ನ ಕಡೆ ನೋಡಲೂ ಇಲ್ಲ. ಆ ಮನೆಯವರೇ ಅಕ್ಕಪಕ್ಕದ ಹೆಂಗಸರನ್ನು ಕರೆದರು. ಒಬ್ಬೊಬ್ಬರೂ ತಮ್ಮ ಇಳಿಗಿ ಹಿಡಿದುಕೊಂಡು ಬಂದು ಸಾಲಾಗಿ ಕುಳಿತು, ಕುಂಬಳಕಾಯಿ ಹೆಚ್ಚಿಕೊಟ್ಟರು. ಊಟ ಎರಡು ತಾಸು ತಡವಾಯಿತು. ಕುಂಬಳಕಾಯಿ ಪಲ್ಯ ಚೆನ್ನಾಗಿತ್ತು ಎಂದು ಬೀಗರು ಹೊಗಳಿದರಂತೆ.

ಅಪ್ಪ ಹೊರಸಿನಿಂದ ಇಳಿದು ನೆಲದ ಮೇಲೆ ಕುಳಿತಿದ್ದ. ಒಂದು ಕಲ್ಲಿಗೆ ಚಾಕು ಒತ್ತಿ ಎಡಗೈಯಿಂದ ಕೆರೆಯುತ್ತಿದ್ದ. ಸ್ವಲ್ಪ ಸ್ವಲ್ಪವೇ ಅರಗು ಉದುರುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕುಳಿತು ಇನ್ನೊಂದು ಚಾಕು ತೆಗೆದುಕೊಂಡು ಕೆರೆದೆ. ಅವನು ಬ್ಯಾಡ ಎಂದೂ ಹೇಳಲಿಲ್ಲ.

ಪಾತ್ರೆ ತೊಳೆಯುವ ಹೊತ್ತಿಗೆ ಅಣ್ಣ ಬಂದು ಕುಳಿತ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಅದನ್ನು ಬಿಟ್ಟು ಬೇರೆಯದನ್ನೇ ಕೇಳಿದ.

"ಕಾಕಾನ ಅಕ್ಕ ಕುರ್ಡಿಯಾಗ ಅದಾರಲ್ಲ. ಅವರನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಆ ಸೋದರತ್ತೆಯ ನೆನಪೇ ನನಗೆ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಅವಳ ಹೆಸರೆತ್ತುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ನಾನು ಏಳನೇ ತರಗತಿಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅಂದು ಅಪ್ಪ ಮಾನ್ವಿಯಲ್ಲಿ ಒಂದು ಮದುವೆಯ ಅಡುಗೆಯಲ್ಲಿದ್ದ. ಅವ್ವನಿಗೆ ಜ್ವರ ಹೆಚ್ಚಾಗಿದೆ ಎಂದು ಸುದ್ದಿ ಹೋದಾಗ, ಪಂಕ್ತಿ ಮುಗಿಸಿ ಬರುತ್ತೇನೆ ಎಂದನಂತೆ. ಬರುವಷ್ಟರಲ್ಲಿ ಮುಗಿದಿತ್ತು. ಮಣ್ಣು ಮಾಡಿ ಬಂದ ಮೇಲೆ ಅತ್ತೆ ಎಲ್ಲರ ಎದುರು, "ಹೇಣ್ತಿ ಸಾಯೋ ಹೊತ್ತಿಗಿ ಊರ ಮಂದಿಗಿ ಅನ್ನ ನೀಡಾಕತ್ತಿದ್ದ," ಎಂದಳು. ಅಪ್ಪ ಕುರ್ಡಿಗೆ ಮತ್ತೆ ಕಾಲಿಡಲಿಲ್ಲ.

"ಕಾಕಾನ ಅಪ್ಪ, ನಿಮ್ಮ ಮುತ್ಯಾನೂ ಅಡಗಿಯವನ," ಅಂದ ಅಣ್ಣ. "ಈ ಚಾಕುದಾಗ ಎರಡು ಅವನವು. ಅವನ ಮಗಳಿಗೆ ಗೊತ್ತಿರಬೇಕು."

ಅಪ್ಪ ನಮ್ಮ ಮಾತು ಕೇಳುತ್ತಿದ್ದ. "ಯಪ್ಪಾ, ಕುರ್ಡಿಗಿ ಹೋಗೂಣೇನು?" ಎಂದೆ. ಬ್ಯಾಡ, ಅಂದ. ಬೇಡವೆಂದನೋ, ಹೋಗೋಣವೆಂದನೋ. ಮುಖ ತಿರುಗಿಸಿಕೊಂಡಿದ್ದರಿಂದ ಅದೂ ಕಾಣಲಿಲ್ಲ. ಎರಡು ದಿನ ಕಾದು, ಕೊನೆಗೆ ನನ್ನ ಬುದ್ಧಿಗೆ ತೋಚಿದಂತೆ ಅಪ್ಪನನ್ನು ಕರೆದುಕೊಂಡು ಹೊರಟೆ. ಮಾನ್ವಿಯಲ್ಲಿ ಬಸ್ಸು ಬದಲಿಸಿ ಕುರ್ಡಿಗೆ ಇಳಿದಾಗ ಮಧ್ಯಾಹ್ನದ ಬಿಸಿಲು.

ಅತ್ತೆ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದಳು. ಅಪ್ಪನಿಗೆ ಲಕ್ವಾ ಹೊಡೆದದ್ದು ಅವಳಿಗೆ ಯಾರೋ ಹೇಳಿದ್ದರು, ಮಾತು ಹೋದದ್ದು ಗೊತ್ತಿರಲಿಲ್ಲ. ಮೊರ ಕೆಳಗಿಟ್ಟು ಎದ್ದು ಬಂದಳು.

"ತಮ್ಮಾ, ಒಳಗ ಬಾ," ಅಂದಳು.

"ಬ್ಯಾಡ," ಅಂದ ಅಪ್ಪ.

ಅತ್ತೆ ನಿಂತಲ್ಲೇ ನಿಂತಳು. ಅವಳ ಮುಖ ಸಣ್ಣದಾಯಿತು. "ಇನ್ನೂ ಸಿಟ್ಟು ಅದ ಏನೋ ನಿನಗ?" ಎಂದಳು. ಅಪ್ಪ ಮತ್ತೆ ಬ್ಯಾಡ ಎಂದ. ಇನ್ನೊಮ್ಮೆ ಎಂದ. ನಾನು ಅವನನ್ನು ಹಿಡಿದುಕೊಂಡು ನಿಂತಿದ್ದವಳು, ಗಡಬಡಿಸಿ ಹೇಳಿದೆ: "ಅತ್ತಿ, ಅವನಿಗೆ ಅದೊಂದ ಮಾತು ಬರ್ತದ. ಎಲ್ಲದಕ್ಕೂ ಹಂಗ ಅಂತಾನ."

ಅತ್ತೆ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಅವನ ಸತ್ತ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಒಳಗೆ ನಡೆಸಿಕೊಂಡು ಹೋದಳು. ಅಂದು ಇಡೀ ದಿನ ಅವಳು ಮಾತಾಡುತ್ತಲೇ ಇದ್ದಳು. ಅವನು ನಡುನಡುವೆ ತನ್ನ ಒಂದು ಮಾತನ್ನು ಹೇಳುತ್ತಿದ್ದ. ಅವರಿಬ್ಬರಿಗೆ ಏನು ಅರ್ಥವಾಗುತ್ತಿತ್ತೋ, ನನಗೆ ಆಗುತ್ತಿರಲಿಲ್ಲ.

ಮರುದಿನ ಚಾಕುಗಳ ಗಂಟು ಬಿಚ್ಚಿದೆ.

"ಇವಕ್ಕ ಏನು ಬಳದೀರಿ?" ಅಂದಳು ಅತ್ತೆ.

"ಅರಗು. ನಾನ ಹಚ್ಚಿದೆ."

"ಮೊದಲಿಂದು ಎಲ್ಲಿ ಹೋತು? ಕಂದು ಇತ್ತಲ್ಲ."

"ಅದು ಕೊಳಿ ಅಂತ ತಿಕ್ಕಿಬಿಟ್ಟೆ."

"ಏನು ಹಾಕಿ ತಿಕ್ಕಿದಿ?"

"ಹುಣಸಿಹಣ್ಣು. ಇಟ್ಟಂಗಿ ಪುಡಿ. ಮರಳು."

ಅತ್ತೆ ಅಪ್ಪನ ಕಡೆ ತಿರುಗಿದಳು. ಅವನು ಗೋಡೆಗೆ ಒರಗಿ ಕುಳಿತಿದ್ದ. "ಕೇಳಿದ್ಯಾ," ಅಂದಳು ಅವನಿಗೆ. ಆಮೇಲೆ ನನಗೆ, "ಅದು ಕೊಳಿ ಅಲ್ಲ ಯವ್ವಾ. ಅದ ಚಾಕುವಿನ ಅಂಗಿ. ನಮ್ಮಪ್ಪನ ಕಾಲದಿಂದ ವರ್ಷಾ ವರ್ಷಾ ಕಾಸಿ ಕಾಸಿ ಹಾಕಿದ್ದು."

ಅಪ್ಪನ ಕಣ್ಣಿನ ನೀರು, ಆ ಮೊದಲ ದಿನದ ಮುಖ ಎಲ್ಲ ಒಟ್ಟಿಗೇ ನೆನಪಾಯಿತು. ಆದರೆ ಅತ್ತೆಗೆ ಬೈಯುವ ಮನಸ್ಸಿರಲಿಲ್ಲ. ಒಲೆ ಹೊತ್ತಿಸು ಎಂದಳು.

ಅವಳು ತೆಗೆದದ್ದು ಅಗಸೆ ಎಣ್ಣೆ, ಊರಿನ ಗಾಣದ್ದು. ಚಾಕುಗಳ ಅರಗನ್ನು ಕೊನೆಯ ಚೂರಿನವರೆಗೂ ಕೆರೆಸಿ, ಬೂದಿಯಿಂದ ತಿಕ್ಕಿಸಿ, ಒಲೆಯ ಮುಂದೆ ಬಿಸಿಯಾಗುವ ತನಕ ಒಣಗಿಸಿದಳು. ಆಮೇಲೆ ಅರಿವೆಗೆ ಎರಡೇ ಹನಿ ಎಣ್ಣೆ ಹಾಕಿ ಅಲಗಿಗೆಲ್ಲ ಸವರಿ, ಇನ್ನೊಂದು ಒಣ ಅರಿವೆಯಿಂದ ಅದನ್ನೆಲ್ಲ ಒರೆಸಿ ತೆಗೆದುಬಿಟ್ಟಳು.

"ಒರಸಿಬಿಟ್ರ ಏನು ಉಳಿತದ ಅತ್ತಿ?"

"ಉಳಿಯೋದು ಕಣ್ಣಿಗಿ ಕಾಣಂಗಿಲ್ಲ."

ಚಾಕುವಿನ ದಪ್ಪ ಬೆನ್ನನ್ನು ಹೆಂಚಿಗೆ ಕೊಟ್ಟು, ಹರಿತದ ಬಾಯಿ ಮೇಲಕ್ಕೆ ಮಾಡಿ ಇಟ್ಟಳು. ಬಾಯಿಗೆ ಬೆಂಕಿ ತಾಕಿದರೆ ಮೊಂಡಾಗುತ್ತದೆ ಎಂದಳು. ಸ್ವಲ್ಪ ಹೊತ್ತಿಗೆ ಹೊಗೆ ಎದ್ದು, ಅಡುಗೆಮನೆ ತುಂಬಿ, ಕಣ್ಣು ಉರಿದವು. ಹೊಗೆ ನಿಂತ ಮೇಲೆ ಅಲಗು ಒಣಗಿದ ಜೋಳದ ದಂಟಿನ ಬಣ್ಣಕ್ಕೆ ಬಂದಿತ್ತು. ಆರಿಸಿ, ಮತ್ತೆ ಎರಡು ಹನಿ, ಮತ್ತೆ ಒರೆಸು, ಮತ್ತೆ ಹೆಂಚು. ನನಗೆ ಒರೆಸಿ ತೆಗೆಯುವುದು ಇನ್ನೂ ಮನಸ್ಸಿಗೆ ಬರಲಿಲ್ಲ. ಹೆಚ್ಚು ಇದ್ದರೆ ಹೆಚ್ಚು ಗಟ್ಟಿ ಅಲ್ಲವೇ ಎಂದು, ಅವಳು ನೀರಿಗೆ ಎದ್ದಾಗ ಒಂದು ಚಾಕುವಿಗೆ ಒರೆಸದೆ ಎಣ್ಣೆ ಬಿಟ್ಟು ಕಾಸಿದೆ. ಅದು ಬೆಲ್ಲದ ಪಾಕದ ಹಾಗೆ ಅಂಟಂಟಾಗಿ ಗುಳ್ಳೆ ಎದ್ದಿತು. ಅತ್ತೆ ನೋಡಿ, "ಇದನ್ನ ಮತ್ತ ಕೆರಿ," ಎಂದಷ್ಟೇ ಹೇಳಿದಳು.

"ಎಷ್ಟು ಸಲ ಕಾಸಬೇಕು?"

"ಬಣ್ಣ ಬರೋ ಮಟ."

"ಅಂದ್ರ ಎಷ್ಟು?"

"ಎಣಿಸಿದ್ರ ಬರಂಗಿಲ್ಲ. ನೋಡಿದ್ರ ಬರ್ತದ."

ನಾನು ಎಣಿಸಿದೆ. ಒಂದಕ್ಕೆ ಐದು ಸಲಕ್ಕೆ ಬಂತು, ಇನ್ನೊಂದಕ್ಕೆ ಏಳು.

ಮೂರು ಚಾಕು ಆದ ಮೇಲೆ ಅಪ್ಪ ಸರಿದು ಬಂದ. ಅಗಸೆ ಎಣ್ಣೆಯ ಬಟ್ಟಲನ್ನು ಎಡಗೈಯಿಂದ ಆಚೆ ತಳ್ಳಿದ. ಗೋಡೆಯ ಮಾಡದಲ್ಲಿದ್ದ ಇನ್ನೊಂದು ಗಡಿಗೆಯ ಕಡೆ ಕೈ ತೋರಿಸಿದ. ಅದರಲ್ಲಿ ಅಡುಗೆಗೆ ಬಳಸುವ ಕುಸುಬಿ ಎಣ್ಣೆ ಇತ್ತು.

"ನೀ ಕುಸುಬಿ ಹಚ್ಚತಿದ್ದೇನು?" ಅಂದಳು ಅತ್ತೆ. "ನಮ್ಮಪ್ಪ ಅಗಸಿ ಹಚ್ಚತಿದ್ದ, ನಾನ ನೋಡೀನಿ."

"ಬ್ಯಾಡ."

"ಕುಸುಬಿ ಬೇಕೋ, ಬ್ಯಾಡೋ?"

"ಬ್ಯಾಡ."

ಗಡಿಗೆಯ ಪಕ್ಕದಲ್ಲೇ ನೀರಿನ ತಂಬಿಗೆಯೂ ಇತ್ತು. ಅವನು ನೀರು ಕೇಳಿದ್ದಿರಬಹುದು. ತಂಬಿಗೆ ಕೊಟ್ಟೆ, ಕುಡಿದ. ಕುಡಿದ ಮೇಲೂ ಅದೇ ಕಡೆ ಕೈ ತೋರಿಸಿದ. ಅತ್ತೆ ಉಳಿದ ಎರಡು ಚಾಕುವಿಗೆ ಕುಸುಬಿ ಎಣ್ಣೆ ಹಚ್ಚಿ ಕಾಸಿದಳು. ಅವೂ ಕಂದಾದವು, ಸ್ವಲ್ಪ ತಿಳಿ ಕಂದು. ಸಂಜೆ ಅಪ್ಪ ಐದನ್ನೂ ಒಂದೊಂದಾಗಿ ಹೆಬ್ಬೆರಳಿನಿಂದ ಸವರಿ, ಕಂಬಳಿಯಲ್ಲಿ ತಾನೇ ಸುತ್ತಿದ. ಒಂದೇ ಕೈಯಲ್ಲಿ ಸುತ್ತಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಾವು ಯಾರೂ ಕೈ ಹಾಕಲಿಲ್ಲ.

ನಾಲ್ಕು ದಿನ ಇದ್ದು ರಾಯಚೂರಿಗೆ ಹೊರಟೆವು. ಬಸ್ಸು ಬಂದು ನಿಂತಿತು. ಅಪ್ಪ ಊರ ಅಗಸಿ ಬಾಗಿಲಿನ ಕಟ್ಟೆಯನ್ನು ಎಡಗೈಯಿಂದ ಹಿಡಿದುಕೊಂಡು ಬಿಡಲೊಲ್ಲದೆ ಕುಳಿತ. ಬ್ಯಾಡ, ಬ್ಯಾಡ ಎಂದ. ಕಂಡಕ್ಟರು ಅವಸರ ಮಾಡಿದ. ನಾನು ಕೈ ಬಿಡಿಸಲು ಹೋದೆ.

"ಬಿಡು," ಅಂದಳು ಅತ್ತೆ. "ಇದು ಖರೇ ಬ್ಯಾಡ."

ನಾನೊಬ್ಬಳೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ದುಃಖವೋ, ಹಗುರವೋ ತಿಳಿಯಲಿಲ್ಲ. ಇಷ್ಟು ತಿಂಗಳು ನೋಡಿಕೊಂಡದ್ದು ನಾನು, ಅವನು ಆರಿಸಿಕೊಂಡದ್ದು ಅವಳನ್ನು. ಅತ್ತೆಗೆ ಅದು ಖರೇ ಬ್ಯಾಡ ಎಂದು ಹೇಗೆ ಗೊತ್ತಾಯಿತು ಎಂದು ಬಹಳ ದಿನ ಯೋಚಿಸಿದೆ. ಅಪ್ಪ ಎರಡು ವರ್ಷ ಕುರ್ಡಿಯಲ್ಲಿದ್ದ. ಕೊನೆಯ ದಿನಗಳಲ್ಲಿ ಎಡಗೈಯಿಂದ ಅವಳಿಗೆ ಸೊಪ್ಪು ಹೆಚ್ಚಿಕೊಡುತ್ತಿದ್ದನಂತೆ. ಅಲ್ಲಿಯೇ ತೀರಿಕೊಂಡ. ನಾನು ಆ ಹೊತ್ತಿಗೆ ತಲುಪಿದ್ದೆ.

ಚಾಕುಗಳಲ್ಲಿ ಮೂರನ್ನು ಗಬ್ಬೂರಿನ ಅಣ್ಣನಿಗೆ ಕೊಟ್ಟೆ, ಎರಡು ನನ್ನಲ್ಲಿವೆ. ಅಗಸೆಯವು ಅವನಿಗೆ ಹೋದವೋ, ಕುಸುಬಿಯವು ಹೋದವೋ, ಬೆರೆತು ಹೋದವೋ ಹೇಳಲಾರೆ. ವರ್ಷಕ್ಕೊಮ್ಮೆ ಕಾಸಿ ಎಲ್ಲವೂ ಒಂದೇ ಬಣ್ಣಕ್ಕೆ ಬಂದಿವೆ. ಯಾವುದಕ್ಕೂ ಮತ್ತೆ ತುಕ್ಕು ಹಿಡಿದಿಲ್ಲ.

ಆ ದಶಕದ ನಡುವಿನಲ್ಲಿ ನಮ್ಮ ಮನೆಯವರು ಮಾನ್ವಿಯಲ್ಲಿ ಸ್ವಂತ ಅಂಗಡಿ ತೆರೆದರು. ಅಲ್ಲಿಯ ಓಣಿಯ ಹೆಂಗಸರು ನನ್ನ ಚಾಕು ನೋಡಿ ತಮ್ಮ ಇಳಿಗಿ, ಕುಡಗೋಲುಗಳನ್ನು ತಂದರು. ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ನಮ್ಮ ಅಡುಗೆಮನೆ ಹೊಗೆಯಿಂದ ತುಂಬಿರುತ್ತಿತ್ತು. ಯಾವ ಎಣ್ಣೆ ಎಂದು ಕೇಳಿದರೆ, ಮನೆಯಲ್ಲಿ ಅಗಸೆ ಇದ್ದರೆ ಅಗಸೆ, ಕುಸುಬಿ ಇದ್ದರೆ ಕುಸುಬಿ ಎನ್ನುತ್ತಿದ್ದೆ. ಎಷ್ಟು ಸಲ ಎಂದರೆ ಒಬ್ಬಳಿಗೆ ಐದು ಎಂದೆ, ಇನ್ನೊಬ್ಬಳಿಗೆ ಏಳು ಎಂದೆ. ಅವರಿಬ್ಬರೂ ಒಂದು ದಿನ ನನ್ನ ಬಾಗಿಲಲ್ಲೇ ನಿಂತು, ಯಾರದು ಸರಿ ಎಂದು ಜಗಳ ಮಾಡಿದರು. ನಾನು ಒಳಗೆ ಕರೆದು ಇಬ್ಬರಿಗೂ ಚಹಾ ಕೊಟ್ಟೆ.